ಬೂದಿಯ ಗುರುತು

ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆತಕೂರಿನ ಶಾಸನದ ಕಲ್ಲಿದೆ. ಮದ್ದೂರು ತಾಲ್ಲೂಕಿನ ಆತಕೂರಿನಿಂದ ತಂದದ್ದು, ಕಾಲ ಕ್ರಿ.ಶ. 949-50. ಚರಿತ್ರೆಯ ವಿದ್ಯಾರ್ಥಿಗಳು ಅದನ್ನು ತಕ್ಕೋಲದ ಯುದ್ಧಕ್ಕಾಗಿ ಓದುತ್ತಾರೆ. ರಾಷ್ಟ್ರಕೂಟರ ಮೂರನೆಯ ಕೃಷ್ಣ ಮತ್ತು ಗಂಗರ ಬೂತುಗ ಸೇರಿ ಚೋಳರ ರಾಜಾದಿತ್ಯನನ್ನು ಸೋಲಿಸಿದ ಸಂಗತಿ ಅದರಲ್ಲಿದೆ. ಆದರೆ ಕಲ್ಲು ನೆಟ್ಟಿದ್ದು ರಾಜರಿಗಾಗಿ ಅಲ್ಲ, ಒಂದು ನಾಯಿಗಾಗಿ.

ಕಥೆ ಚಿಕ್ಕದು. ಮಣಲೇರ ಎಂಬ ವೀರನ ಶೌರ್ಯಕ್ಕೆ ಮೆಚ್ಚಿದ ಅರಸ, ಬೇಕಾದದ್ದು ಕೇಳು ಎನ್ನುತ್ತಾನೆ. ಮಣಲೇರ ಊರು ಕೇಳುವುದಿಲ್ಲ, ಹೊನ್ನು ಕೇಳುವುದಿಲ್ಲ; ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆಯುತ್ತಾನೆ. ಮುಂದೆ ಬೆಳತೂರಿನ ಹತ್ತಿರದ ಗುಡ್ಡದಲ್ಲಿ ಆ ನಾಯಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು ಕಾದಾಡುತ್ತದೆ. ಹಂದಿಯೂ ಸಾಯುತ್ತದೆ, ನಾಯಿಯೂ ಸಾಯುತ್ತದೆ. ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನೆಡುತ್ತಾರೆ, ಅದರ ಪೂಜೆ ನಡೆಯಲೆಂದು ಭೂಮಿ ಬಿಡುತ್ತಾರೆ. ಕಲ್ಲಿನ ಮೇಲುಗಡೆ ನಾಯಿ ಮತ್ತು ಹಂದಿಯ ಕಾಳಗವನ್ನು ಕೆತ್ತಿದ್ದಾರೆ.

ನನ್ನನ್ನು ಹಿಡಿದು ನಿಲ್ಲಿಸುವುದು ಆ ಶಾಸನದ ಕೊನೆಯ ಮಾತು. ಈ ಕಲ್ಲನ್ನು ನೋಡಿಕೊಳ್ಳುವ ಗೊರವ, ಅಂದರೆ ಪೂಜಾರಿ, ಅದಕ್ಕೆ ಪೂಜೆ ಮಾಡದೆ ಉಂಡರೆ ಪಾಪಕ್ಕೆ ಗುರಿಯಾಗುತ್ತಾನೆ ಎಂದು ಅಲ್ಲಿ ಬರೆಸಿದ್ದಾರೆ. ದಾನವನ್ನು ಅಳಿಸಿದವನಿಗೆ ಶಾಪ ಹಾಕುವುದು ನಮ್ಮ ಶಾಸನಗಳಲ್ಲಿ ಮಾಮೂಲು. ಇಲ್ಲಿ ಶಾಪ ಇನ್ನೂ ಸಣ್ಣದೊಂದು ಮೂಲೆಗೆ ಹೋಗಿ ಕುಳಿತಿದೆ. ಬೆಳಗಿನ ಹೊತ್ತು, ಗುಡಿಯ ಮುಂದೆ ಯಾರೂ ಇಲ್ಲ, ಹೊಟ್ಟೆ ಹಸಿದಿದೆ. ಇವತ್ತೊಂದು ದಿನ ಪೂಜೆ ಬಿಟ್ಟರೆ ಕೇಳುವವರು ಯಾರು? ಸತ್ತ ನಾಯಿಯೇ? ಯುದ್ಧಕ್ಕೆ ಹೋಗಿರುವ ಮಣಲೇರನೇ? ಶಾಸನ ಬರೆಸಿದವನಿಗೆ ಈ ಗಳಿಗೆಯ ಅರಿವಿತ್ತು. ಸತ್ತವರ ಕೆಲಸವನ್ನು ಇನ್ನೊಬ್ಬರ ಕೈಗೆ ಒಪ್ಪಿಸುವವರೆಲ್ಲ ಈ ಗಳಿಗೆಗೆ ಹೆದರುತ್ತಾರೆ.

ಸಾವಿರ ವರ್ಷ ದಾಟಿದ ಮೇಲೂ ಆ ಹೆದರಿಕೆ ಹಾಗೇ ಇದೆ ಎಂದು ನನಗೆ ಗೊತ್ತಾದದ್ದು ಮೈಸೂರಿನಲ್ಲಿರುವ ನನ್ನ ಅಕ್ಕನ ಮನೆಯಲ್ಲಿ. ಹದಿಮೂರು ವರ್ಷ ಅವಳ ಮನೆಯಲ್ಲಿದ್ದ ಕರಿಯ ಹೋದ. ಅಪಾರ್ಟ್‌ಮೆಂಟಿನಲ್ಲಿರುವವರಿಗೆ ಹೂಳಲು ಅಂಗೈಯಗಲ ಮಣ್ಣೂ ಇರುವುದಿಲ್ಲ. ಊರಾಚೆ ಗಂಡ, ಹೆಂಡತಿ, ಮಗ ಸೇರಿ ನಡೆಸುವ ಸಾಕುಪ್ರಾಣಿಗಳ ಚಿತಾಗಾರವೊಂದಿದೆ ಎಂದು ಯಾರೋ ಹೇಳಿದರು. ಮಗ ವ್ಯಾನ್ ತಂದು, ಬಿಳಿ ಬಟ್ಟೆಯಲ್ಲಿ ಸುತ್ತಿ, ಮನುಷ್ಯರನ್ನು ಎತ್ತುವ ಹಾಗೇ ಎತ್ತಿಕೊಂಡು ಹೋದನಂತೆ. ಮಾರನೆಯ ದಿನ ಒಂದು ಮಣ್ಣಿನ ಕುಡಿಕೆ ಬಂತು. ಬಾಯಿಗೆ ಕೆಂಪು ಬಟ್ಟೆ, ಅದರ ಮೇಲೆ ಹೆಸರಿನ ಚೀಟಿ. ನಾನು ನೋಡಲು ಹೋದಾಗ ಅಕ್ಕ ಅದನ್ನು ದೇವರ ಮನೆಯಲ್ಲೂ ಇಡದೆ, ಹೊರಗೂ ಇಡದೆ, ಕಿಟಕಿಯ ಕಟ್ಟೆಯ ಮೇಲೆ ಇಟ್ಟಿದ್ದಳು.

"ಇದು ನಮ್ಮ ಕರಿಯನದ್ದೇ ಅಂತ ಹೇಗೋ ಗೊತ್ತಾಗೋದು?" ಅಂದಳು.

"ಚೀಟಿ ಇದೆಯಲ್ಲಕ್ಕ" ಅಂದೆ.

"ಚೀಟಿ ಯಾರು ಬೇಕಾದರೂ ಬರೀಬಹುದು ಕಣೋ. ಅವರು ಒಳ್ಳೆಯವರೇ, ಅನುಮಾನ ಪಡ್ತಿಲ್ಲ. ಆದರೆ ಗೊತ್ತಾಗೋದು ಹೇಗೆ ಅಂತ."

ಆ ಪ್ರಶ್ನೆಗೆ ತಾಂತ್ರಿಕವಾದ ಉತ್ತರವೊಂದಿದೆ. ಇಂಥ ಕುಲುಮೆಗಳ ಉಷ್ಣತೆ ಸುಮಾರು 800 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ, ಕೆಲವೆಡೆ ಅದಕ್ಕೂ ಹೆಚ್ಚು. ನೀರು ಆವಿಯಾಗುತ್ತದೆ, ಮಾಂಸ ಅನಿಲವಾಗಿ ಹೋಗುತ್ತದೆ. ಉಳಿಯುವುದು ಮೂಳೆಯ ಖನಿಜ, ಬಹುಪಾಲು ಕ್ಯಾಲ್ಸಿಯಂ ಫಾಸ್ಫೇಟ್. ಅದನ್ನು ಅರೆದು ಪುಡಿ ಮಾಡಿ ಕೊಡುತ್ತಾರೆ. ಅಷ್ಟು ಬಿಸಿಯಲ್ಲಿ ಡಿಎನ್‌ಎ ಉಳಿಯುವುದಿಲ್ಲವಾದ್ದರಿಂದ, ಪುಡಿಯಾದ ಮೇಲೆ ಇದು ಇಂಥ ನಾಯಿಯದೇ ಎಂದು ಪ್ರಯೋಗಾಲಯವೂ ಹೇಳಲಾರದು. ಅದಕ್ಕೇ ಶಿಸ್ತಿನ ಚಿತಾಗಾರಗಳು ಸಂಖ್ಯೆ ಕೊರೆದ ಉಕ್ಕಿನ ಬಿಲ್ಲೆಯೊಂದನ್ನು ದೇಹದ ಜೊತೆಗೇ ಒಳಗೆ ಕಳಿಸುತ್ತವೆ. ಬಿಲ್ಲೆ ಬೆಂಕಿಯಲ್ಲಿ ಕರಗದೆ ಬೂದಿಯ ಜೊತೆ ಹೊರಗೆ ಬರುತ್ತದೆ. ದಹನದಲ್ಲೂ ಬಗೆಗಳಿವೆ: ಒಂದೇ ಪ್ರಾಣಿಯನ್ನು ಸುಡುವುದು, ನಡುವೆ ಅಂತರ ಬಿಟ್ಟು ಕೆಲವನ್ನು ಒಟ್ಟಿಗೆ ಸುಡುವುದು, ಎಲ್ಲವನ್ನೂ ಸೇರಿಸಿ ಸುಟ್ಟು ಬೂದಿ ವಾಪಸು ಕೊಡದಿರುವುದು. ಬೆಲೆ ಬೇರೆ ಬೇರೆ.

ಆದರೆ ಬಿಲ್ಲೆಯನ್ನು ಒಳಗೆ ಹಾಕುವುದೂ ಒಂದು ಕೈಯೇ, ಹೊರಗೆ ತೆಗೆಯುವುದೂ ಒಂದು ಕೈಯೇ. ಅಕ್ಕನ ಪ್ರಶ್ನೆ ಬಿಲ್ಲೆಯಿಂದ ಮುಗಿಯುವುದಿಲ್ಲ, ಒಂದು ಹೆಜ್ಜೆ ಹಿಂದಕ್ಕೆ ಸರಿಯುತ್ತದೆ ಅಷ್ಟೇ.

ಈ ವೃತ್ತಿಯ ಬಗ್ಗೆ ಅಮೆರಿಕದ ಎರೋಲ್ ಮಾರಿಸ್ 1978ರಲ್ಲಿ ಒಂದು ಸಾಕ್ಷ್ಯಚಿತ್ರ ಮಾಡಿದ್ದಾನೆ. ಹೆಸರು 'ಗೇಟ್ಸ್ ಆಫ್ ಹೆವನ್', ಸ್ವರ್ಗದ ಬಾಗಿಲುಗಳು. ಅವನ ಮೊದಲ ಚಿತ್ರ. ಕ್ಯಾಲಿಫೋರ್ನಿಯಾದ ಲಾಸ್ ಆಲ್ಟೋಸ್‌ನಲ್ಲಿ ಫ್ಲಾಯ್ಡ್ ಮ್ಯಾಕ್ಲೂರ್ ಎಂಬಾತ ಸಾಕುಪ್ರಾಣಿಗಳಿಗೆ ಸ್ಮಶಾನ ಮಾಡುತ್ತಾನೆ. ಚಿಕ್ಕಂದಿನಲ್ಲಿ ತನ್ನ ನಾಯಿ ಕಾರಿಗೆ ಸಿಕ್ಕಿ ಸತ್ತದ್ದು ಅವನ ಮನಸ್ಸಿನಿಂದ ಹೋಗಿಲ್ಲ. ಸತ್ತ ಪ್ರಾಣಿಗಳಿಂದ ಕೊಬ್ಬು ತೆಗೆಯುವ ಕಾರ್ಖಾನೆಯ ವಾಸನೆಯೂ ಹೋಗಿಲ್ಲ. ಆದರೆ ವ್ಯವಹಾರ ಗೊತ್ತಿಲ್ಲದವನು. ಜಮೀನು ಕೈತಪ್ಪುತ್ತದೆ. ಅಲ್ಲಿ ಹೂಳಿದ್ದ ಸುಮಾರು 450 ಪ್ರಾಣಿಗಳನ್ನು ಅಗೆದು ತೆಗೆದು ನಾಪಾ ಕಣಿವೆಯ ಇನ್ನೊಂದು ಸ್ಮಶಾನಕ್ಕೆ ಸಾಗಿಸುತ್ತಾರೆ. ಚಿತ್ರದ ಎರಡನೆಯ ಭಾಗ ಆ ಸ್ಮಶಾನ ನಡೆಸುವ ಹಾರ್ಬರ್ಟ್ಸ್ ಕುಟುಂಬದ ಕುರಿತಾದದ್ದು. ತಂದೆ, ತಾಯಿ, ಇಬ್ಬರು ಗಂಡುಮಕ್ಕಳು. ಹಿರಿಯವನು ವಿಮೆ ಮಾರುವ ಕೆಲಸ ಬಿಟ್ಟು ಬಂದವನು. ಯಶಸ್ಸಿನ ಸೂತ್ರಗಳು ಅವನ ನಾಲಿಗೆಯ ತುದಿಯಲ್ಲಿವೆ. ಕಿರಿಯವನು ಬಿಡುವಿನಲ್ಲಿ ಗುಡ್ಡದ ಮೇಲೆ ಗಿಟಾರ್ ನುಡಿಸುತ್ತಾನೆ. ಕೆಳಗೆ ಕಣಿವೆಯಲ್ಲಿ ಸಮಾಧಿಗಳು.

ಚಿತ್ರ ಯಾರನ್ನೂ ಗೇಲಿ ಮಾಡುವುದಿಲ್ಲ. ಮ್ಯಾಕ್ಲೂರ್ ಭಕ್ತಿಯಿಂದ ಮಾತಾಡುತ್ತಾನೆ. ಕೊಬ್ಬಿನ ಕಾರ್ಖಾನೆಯವನು ಸತ್ತ ಪ್ರಾಣಿಯೂ ಒಂದು ಕಚ್ಚಾವಸ್ತು ಎಂಬ ಧಾಟಿಯಲ್ಲಿ, ಆರಾಮಾಗಿ ಮಾತಾಡುತ್ತಾನೆ. ಇಬ್ಬರೂ ಪ್ರಾಮಾಣಿಕರು. ಒಬ್ಬನಿಗೆ ಸತ್ತ ನಾಯಿ ಒಂದು ಹೆಸರು, ಇನ್ನೊಬ್ಬನಿಗೆ ಒಂದು ತೂಕ. ಈ ಇಬ್ಬರ ನಡುವೆ ನಿಂತಿರುವುದು ಹಾರ್ಬರ್ಟ್ಸ್ ಮನೆಯವರು. ಅವರು ಹೆಸರನ್ನೂ ಬರೆದುಕೊಳ್ಳಬೇಕು, ತೂಕವನ್ನೂ ಎತ್ತಬೇಕು.

ಕನ್ನಡದ ನೋಡುಗನಿಗೆ 'ಸ್ವರ್ಗದ ಬಾಗಿಲು' ಎಂದ ಕೂಡಲೇ ನೆನಪಾಗುವುದು ಇನ್ನೊಂದು ನಾಯಿ. ಮಹಾಪ್ರಸ್ಥಾನದಲ್ಲಿ ಧರ್ಮರಾಯನ ಹಿಂದೆ ಬಂದದ್ದು. ನಾಯಿಯನ್ನು ಬಿಟ್ಟು ರಥ ಹತ್ತು ಎನ್ನುತ್ತಾನೆ ಇಂದ್ರ. ನಂಬಿ ಬಂದದ್ದನ್ನು ಬಿಡಲಾರೆ ಎನ್ನುತ್ತಾನೆ ಧರ್ಮರಾಯ. ಇಷ್ಟು ಎಲ್ಲರಿಗೂ ಗೊತ್ತು. ನಡುವೆ ಬರುವ ಇನ್ನೊಂದು ವಾದವನ್ನು ನಾವು ಕಥೆ ಹೇಳುವಾಗ ಬಿಟ್ಟುಬಿಡುತ್ತೇವೆ. ತಮ್ಮಂದಿರನ್ನೂ ದ್ರೌಪದಿಯನ್ನೂ ದಾರಿಯಲ್ಲಿ ಬಿಟ್ಟು ಬಂದವನಿಗೆ ಒಂದು ನಾಯಿಯನ್ನು ಬಿಡಲಾಗುವುದಿಲ್ಲವೇ ಎಂದು ಇಂದ್ರ ಕೆಣಕುತ್ತಾನೆ. ಅದಕ್ಕೆ ಧರ್ಮರಾಯ ಕೊಡುವ ಉತ್ತರದ ತಾತ್ಪರ್ಯ ಇದು: ಸತ್ತವರ ಜೊತೆ ಸ್ನೇಹವೂ ಇಲ್ಲ, ಹಗೆಯೂ ಇಲ್ಲ. ಅವರನ್ನು ಬದುಕಿಸಲು ನನ್ನಿಂದ ಆಗಲಿಲ್ಲ, ಬಿಟ್ಟೆ. ಬದುಕಿದ್ದಾಗ ಬಿಟ್ಟವನಲ್ಲ.

ಇದು ಗಟ್ಟಿಯಾದ ವಾದ. ಇದನ್ನು ಒಪ್ಪಿದರೆ ಆತಕೂರಿನ ಕಲ್ಲು, ನಾಪಾದ ಸಮಾಧಿಗಳು, ಅಕ್ಕನ ಕುಡಿಕೆ ಎಲ್ಲವೂ ಅರ್ಥ ಕಳೆದುಕೊಳ್ಳುತ್ತವೆ. ನಾಯಿ ಬದುಕಿದ್ದಾಗ ಅನ್ನ ಹಾಕಿದೆ, ಕಾಯಿಲೆಯಾದಾಗ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ, ಕೊನೆಯ ರಾತ್ರಿ ಪಕ್ಕದಲ್ಲಿ ಕುಳಿತೆ. ಋಣ ಅಲ್ಲಿಗೆ ಮುಗಿಯಿತು. ಮುಂದಿನದು ನಗರಪಾಲಿಕೆಯ ನೈರ್ಮಲ್ಯದ ವಿಷಯ. ಬೂದಿ ಅದಲುಬದಲಾದರೆ ಯಾರಿಗೆ ನಷ್ಟ? ನಾಯಿಗೆ ಗೊತ್ತಾಗುವುದಿಲ್ಲ. ಅಕ್ಕನಿಗೂ ಗೊತ್ತಾಗುವುದಿಲ್ಲ. ಅವಳು ಅದೇ ಕುಡಿಕೆಯ ಮುಂದೆ ಅದೇ ಸಮಾಧಾನ ಪಡೆಯುತ್ತಾಳೆ. ಯಾರಿಗೂ ನೋವಾಗದ ತಪ್ಪು ತಪ್ಪೇ?

ಇದು ತರಗತಿಯ ಕಲ್ಪಿತ ಪ್ರಶ್ನೆಯಲ್ಲ. ನ್ಯೂಯಾರ್ಕ್ ಬಳಿಯ ಲಾಂಗ್ ಐಲ್ಯಾಂಡ್‌ನಲ್ಲಿ ತಂದೆ ಮಗ ಸೇರಿ ನಡೆಸುತ್ತಿದ್ದ ಪ್ರಾಣಿಗಳ ಸ್ಮಶಾನವೊಂದಿತ್ತು. ಪ್ರತ್ಯೇಕವಾಗಿ ಹೂಳುತ್ತೇವೆ, ಪ್ರತ್ಯೇಕವಾಗಿ ಸುಡುತ್ತೇವೆ ಎಂದು ಹಣ ಪಡೆದು, ಒಂದೇ ಗುಂಡಿಗೆ ಸುರಿಯುತ್ತಿದ್ದರು, ಒಟ್ಟಿಗೆ ಸುಡುತ್ತಿದ್ದರು. 1990ರ ದಶಕದ ಆರಂಭದಲ್ಲಿ ಅದು ಹೊರಬಿದ್ದು, ನ್ಯಾಯಾಲಯದಲ್ಲಿ ವಂಚನೆ ಸಾಬೀತಾಯಿತು. ಪ್ರಾಣಿಗಳ ವಿಷಯದಲ್ಲಿ ಮಾತ್ರ ಹೀಗೆ ಎನ್ನುವ ಹಾಗೂ ಇಲ್ಲ. ಜಾರ್ಜಿಯಾ ರಾಜ್ಯದ ನೋಬಲ್ ಎಂಬ ಊರಿನಲ್ಲಿ ತಂದೆತಾಯಿಯಿಂದ ಮಗನ ಕೈಗೆ ಬಂದಿದ್ದ ಚಿತಾಗಾರದ ಆವರಣದಲ್ಲಿ 2002ರಲ್ಲಿ 334 ಮನುಷ್ಯರ ದೇಹಗಳು ಸುಡದೆ ಬಿದ್ದಿರುವುದು ಕಂಡಿತು. ಎಷ್ಟೋ ಮನೆಯವರಿಗೆ ಬೂದಿಯೆಂದು ಕೊಟ್ಟಿದ್ದರಲ್ಲಿ ಸಿಮೆಂಟಿನ ಪುಡಿ ಇತ್ತು. ಅವರು ಅದನ್ನು ಬೆಳ್ಳಿಯ ಪಾತ್ರೆಯಲ್ಲೋ ಮರದ ಪೆಟ್ಟಿಗೆಯಲ್ಲೋ ಇಟ್ಟು, ಮೇಣದಬತ್ತಿ ಹಚ್ಚಿ, ವರ್ಷಗಟ್ಟಲೆ ಅದರ ಮುಂದೆ ಮಾತಾಡಿರಬೇಕು. ಅಷ್ಟೂ ವರ್ಷ ಅವರಿಗೆ ಸಮಾಧಾನವೇ ಇತ್ತು.

ಆ ವರ್ಷಗಳಲ್ಲಿ ಅವರಿಗೆ ಅನ್ಯಾಯ ಆಗುತ್ತಿರಲಿಲ್ಲ, ಗೊತ್ತಾದ ದಿನವಷ್ಟೇ ಆಯಿತು ಎಂದು ಹೇಳಲು ನನ್ನ ನಾಲಿಗೆ ಏಳುವುದಿಲ್ಲ. ಯಾಕೆ ಏಳುವುದಿಲ್ಲ ಎಂದು ಯೋಚಿಸಿದಾಗ ಸಿಕ್ಕಿದ್ದು ಇಷ್ಟು. ಅವರು ಚಿತಾಗಾರದ ಬಾಗಿಲಿಗೆ ಹೋದಾಗ ಸಮಾಧಾನ ಕೊಡಿ ಎಂದು ಕೇಳಿರಲಿಲ್ಲ. ನಮ್ಮವರನ್ನು ಕೊಡಿ ಎಂದು ಕೇಳಿದ್ದರು. ಸಮಾಧಾನ ಅದರ ಹಿಂದೆ ತಾನಾಗಿ ಬರುವಂಥದ್ದು. ನಿಜವನ್ನು ಕೇಳಿದವರ ಕೈಗೆ ಸಮಾಧಾನವನ್ನು ಮಾತ್ರ ಇಟ್ಟು ಕಳಿಸುವುದೆಂದರೆ, ಅಳುವ ಮಗುವಿನ ಬಾಯಿಗೆ ಸಕ್ಕರೆ ನೀರು ಬಿಟ್ಟ ಹಾಗೆ. ಅವರನ್ನು ನಿಜಕ್ಕೆ ಅರ್ಹರಲ್ಲ ಎಂದು ತೀರ್ಮಾನಿಸಿದ ಹಾಗೆ. ಆ ತೀರ್ಮಾನವೇ ಅನ್ಯಾಯ. ನೋವು ಆಮೇಲೆ ಬರಲಿ, ಬಾರದಿರಲಿ.

ಅಕ್ಕನನ್ನು ಕೂರಿಸಿಕೊಂಡು ಕೇಳಬಹುದು: ಎರಡು ಕುಡಿಕೆ ಇವೆ. ಒಂದರಲ್ಲಿ ಕರಿಯ ಇದ್ದಾನೆ, ಇನ್ನೊಂದರಲ್ಲಿ ಇಲ್ಲ. ಯಾವುದನ್ನು ಕೊಟ್ಟರೂ ನಿನಗೆ ವ್ಯತ್ಯಾಸ ತಿಳಿಯದಂತೆ ಮಾಡುತ್ತೇವೆ. ಯಾವುದು ಬೇಕು? ಅವಳು ಒಂದು ಕ್ಷಣವೂ ಯೋಚಿಸುವುದಿಲ್ಲ. ತನಗೆ ತಿಳಿಯದ ವ್ಯತ್ಯಾಸವೂ ಅವಳಿಗೆ ಮುಖ್ಯ. ನಮ್ಮೆಲ್ಲರ ಬದುಕೂ ಹೀಗೇ ಇದೆ. ಬೆನ್ನ ಹಿಂದೆ ಗಂಡ ಹೇಗಿರುತ್ತಾನೆ, ಮಕ್ಕಳು ಪ್ರೀತಿಯಿಂದ ಮಾತಾಡುತ್ತಾರೋ ಆಸ್ತಿಗಾಗಿಯೋ, ಗೆಳೆಯ ಹೊಗಳಿದ್ದು ನಿಜವೋ. ನಮ್ಮ ಅನುಭವಕ್ಕೆ ಬಾರದ ಸಂಗತಿಗಳ ಮೇಲೇ ನಮ್ಮ ಸುಖದ ಬಹುಪಾಲು ನಿಂತಿದೆ.

ಇಲ್ಲೊಂದು ಮಾತು ಸ್ಪಷ್ಟವಾಗಬೇಕು. ಒಟ್ಟಿಗೆ ಸುಡುವುದು ತಪ್ಪಲ್ಲ. ಹಾಗೆಂದು ಹೇಳಿ ಸುಟ್ಟರೆ ಅದರಲ್ಲಿ ಅಗೌರವವೂ ಇಲ್ಲ. ಎಲ್ಲ ನಾಯಿಗಳೂ ಒಂದೇ ಬೆಂಕಿಯಲ್ಲಿ ಬೆರೆತು ಒಂದೇ ತೋಟದ ಮಣ್ಣಿಗೆ ಸೇರುವುದನ್ನೇ ಕೆಲವರು ಇಷ್ಟಪಡಬಹುದು. ತಪ್ಪು ಬೆರೆಸಿದ್ದರಲ್ಲಿಲ್ಲ, ಬೆರೆಸಿಲ್ಲ ಎಂದು ಹೇಳಿದ್ದರಲ್ಲಿದೆ. ಕೊಬ್ಬಿನ ಕಾರ್ಖಾನೆಯವನು ನಾಯಿಯನ್ನು ತೂಕವಾಗಿ ನೋಡುತ್ತೇನೆ ಎಂದು ಹೇಳಿಯೇ ನೋಡುತ್ತಾನೆ. ಲಾಂಗ್ ಐಲ್ಯಾಂಡಿನವರು ಹೆಸರು ಬರೆದುಕೊಂಡು ತೂಕವಾಗಿ ನೋಡಿದರು.

ಇನ್ನೊಂದು ಆಕ್ಷೇಪವಿದೆ, ಅದನ್ನು ದಾಟಿ ಹೋಗುವಂತಿಲ್ಲ. ಮನುಷ್ಯರಿಗೇ ಗೌರವದ ಸಾವಿಲ್ಲದ ನಾಡಿನಲ್ಲಿ ನಾಯಿಯ ಬೂದಿಯ ಬಗ್ಗೆ ಇಷ್ಟು ಮಾತೇ? 2021ರ ಬೇಸಿಗೆಯಲ್ಲಿ ಬೆಂಗಳೂರಿನ ಚಿತಾಗಾರಗಳ ಮುಂದೆ ಆಂಬುಲೆನ್ಸುಗಳು ಸಾಲುಗಟ್ಟಿ ನಿಂತಿದ್ದನ್ನು ನಾವು ನೋಡಿದ್ದೇವೆ. ಮನೆಯವರು ಬಂದು ತೆಗೆದುಕೊಂಡು ಹೋಗದ ಅಸ್ಥಿಯನ್ನು ಸರ್ಕಾರವೇ ಕಾವೇರಿಗೆ ಬಿಟ್ಟದ್ದೂ ಆ ವರ್ಷವೇ. ಆದರೆ ಆ ದಿನಗಳಲ್ಲಿ ನಮ್ಮನ್ನು ಕಲಕಿದ್ದು ಏನು? ಸಾವಿನ ಸಂಖ್ಯೆಯ ಜೊತೆಗೆ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಳಗಿನದು ಅಪ್ಪನೇ ಹೌದೋ ಎಂಬ ಅದೇ ಪ್ರಶ್ನೆ. ದಹನದ ಕೆಲಸದವನು ರಾತ್ರಿ ಎರಡು ಗಂಟೆಗೂ ಚೀಟಿ ನೋಡಿ, ಹೆಸರು ಕೂಗಿ, ಬೂದಿಯನ್ನು ಬೇರೆ ಬೇರೆ ಕಟ್ಟಿಟ್ಟನೋ ಇಲ್ಲವೋ ಎಂಬ ಪ್ರಶ್ನೆ. ನಾಯಿಯ ಬೂದಿಯ ವಿಷಯದಲ್ಲಿ ಇದನ್ನು ನಿಷ್ಠೆಯಿಂದ ಮಾಡುವವನು ಮನುಷ್ಯರಿಂದ ಏನನ್ನೂ ಕಿತ್ತುಕೊಳ್ಳುತ್ತಿಲ್ಲ. ಕಾಳಜಿ ಉಗ್ರಾಣದ ಅಕ್ಕಿಯಲ್ಲ, ಒಂದು ಕಡೆ ಅಳೆದರೆ ಇನ್ನೊಂದು ಕಡೆ ಕಡಿಮೆಯಾಗಲು.

ಆಕ್ಷೇಪದ ನಿಜವಾದ ಮೊನೆ ಬೇರೆ ಕಡೆಗಿದೆ. ನಮ್ಮೂರಿನಲ್ಲಿ ದನ ಸತ್ತರೆ ಕೇರಿಗೆ ಹೇಳಿ ಕಳಿಸುತ್ತಿದ್ದರು. ಬಂದವರು ಗಳಕ್ಕೆ ಕಟ್ಟಿ ಹೊತ್ತುಕೊಂಡು ಹೋಗುತ್ತಿದ್ದರು. ಆ ಚರ್ಮ ಮುಂದೆ ಯಾರದೋ ಮನೆಯ ಮೆಟ್ಟು, ಮಿಣಿ, ಬಾರುಕೋಲು ಆಗಿ ವಾಪಸು ಬರುತ್ತಿತ್ತು. ಹೊತ್ತವರಿಗೆ ಮಾತ್ರ ಅಂಗಳದೊಳಗೆ ಬರಲು ಅಪ್ಪಣೆ ಇರಲಿಲ್ಲ. ಒಬ್ಬರೂ ಹಿಂದೆ ಹೋಗಿ ನೋಡಿದವರಿಲ್ಲ. ಲೆಕ್ಕ ಕೇಳದೆ ನಂಬಿದ್ದೆವು, ಮುಟ್ಟದೆ ನಂಬಿದ್ದೆವು. 2016ರ ಜುಲೈನಲ್ಲಿ ಗುಜರಾತಿನ ಊನಾದಲ್ಲಿ, ಸತ್ತ ಹಸುವಿನ ಚರ್ಮ ಸುಲಿಯುತ್ತಿದ್ದ ದಲಿತ ಯುವಕರನ್ನು ಕಟ್ಟಿ ಹೊಡೆದರು. ಅದಾದ ಮೇಲೆ ಅಲ್ಲಿನ ದಲಿತರು ಸತ್ತ ದನಗಳನ್ನು ಸರ್ಕಾರಿ ಕಚೇರಿಯ ಮುಂದೆ ತಂದು ಹಾಕಿ, ನಿಮ್ಮದನ್ನು ನೀವೇ ನೋಡಿಕೊಳ್ಳಿ ಎಂಬಂತೆ ಕೈ ತೊಳೆದುಕೊಂಡರು. ತಲೆತಲಾಂತರದಿಂದ ಯಾರೂ ನೋಡದ ಹೊತ್ತಿನಲ್ಲಿ ನಡೆದ ಕೆಲಸ ಎಷ್ಟಿತ್ತು ಎಂಬುದು ನಿಂತ ಮೇಲೆ ವಾಸನೆಯ ರೂಪದಲ್ಲಿ ಎಲ್ಲರಿಗೂ ತಿಳಿಯಿತು.

ಈಗ ಅದೇ ಕೆಲಸಕ್ಕೆ ಹುಲ್ಲುಹಾಸು, ಬೋರ್ಡು, ಬಿಳಿ ಬಟ್ಟೆ ಬಂದಿವೆ. ಬರಲಿ, ಒಳ್ಳೆಯದೇ. ಆದರೆ ವ್ಯಾನಿನ ಹುಡುಗನಿಗೆ ಮನೆಯೊಳಗೆ ಕರೆದು ಕಾಫಿ ಕೊಡುವಾಗ, ಅಂಗಳದಾಚೆ ನಿಲ್ಲಿಸಿದ್ದ ಅವನ ಹಿಂದಿನವರನ್ನೂ ನೆನೆಯಬೇಕು. ಮಣಲೇರನ ನಾಯಿಗೆ ಕಲ್ಲಿದೆ, ಗೊರವನಿಗೆ ಭೂಮಿ ಇದೆ. ಊರ ದನಗಳನ್ನೆಲ್ಲ ಹೊತ್ತವರಿಗೆ ಶಾಸನವಿಲ್ಲ.

ಕನಕದಾಸರ ಬಾಳೆಹಣ್ಣಿನ ಕಥೆ ನಮಗೆಲ್ಲ ಶಾಲೆಯಲ್ಲೇ ಗೊತ್ತು. ಯಾರೂ ನೋಡದ ಕಡೆ ಹೋಗಿ ತಿಂದು ಬನ್ನಿ ಎಂದು ವ್ಯಾಸರಾಯರು ಹಣ್ಣು ಕೊಟ್ಟರು. ಉಳಿದವರು ತಿಂದು ಬಂದರು, ಕನಕರು ಹಣ್ಣನ್ನು ಹಾಗೇ ತಂದರು. ದೇವರಿಲ್ಲದ ಜಾಗ ಸಿಗಲಿಲ್ಲ. ಕನಕರಿಗೆ ದೇವರು ನೋಡುತ್ತಿದ್ದ. ಗೊರವನಿಗೆ ಶಾಪ ನೋಡುತ್ತಿತ್ತು. ಕುಲುಮೆಯ ಮುಂದೆ ನಿಂತವನಿಗೆ ಇಂದು ಸಿಸಿಟಿವಿ, ಉಕ್ಕಿನ ಬಿಲ್ಲೆ. ಕೆಲವು ಕಡೆ ಮನೆಯವರೇ ನಿಂತು ನೋಡಲು ಬಿಡುತ್ತಾರೆ. ಇವೆಲ್ಲ ಬೇಕು. ಕೇಳುವ ಹಕ್ಕು ನಮಗಿದೆ, ಕೇಳಬೇಕು. ಆದರೆ ಎಷ್ಟು ಹೊತ್ತು ನಿಂತು ನೋಡುತ್ತೀರಿ? ಬೆಂಕಿ ಆರಬೇಕು, ಇಟ್ಟಿಗೆ ತಣಿಯಬೇಕು, ಗುಡಿಸಬೇಕು, ಅರೆಯಬೇಕು. ಯಾವುದೋ ಒಂದು ಹಂತದಲ್ಲಿ ನಾವು ಬೆನ್ನು ತಿರುಗಿಸಲೇಬೇಕು.

ಧರ್ಮರಾಯನ ವಾದಕ್ಕೆ ನನಗೆ ತೋಚುವ ಉತ್ತರ ಅವನ ನಡತೆಯಲ್ಲೇ ಇದೆ. ಸತ್ತವರ ಜೊತೆ ಸಂಬಂಧವಿಲ್ಲ ಎಂದವನು ಆ ಮಾತಾಡಿದ್ದು ಎಲ್ಲಿ? ಹಿಮದ ದಾರಿಯಲ್ಲಿ, ತಮ್ಮಂದಿರೂ ಹೆಂಡತಿಯೂ ಬಿದ್ದುಹೋದ ಮೇಲೆ. ನಾಯಿಯನ್ನು ಬಿಟ್ಟಿದ್ದರೆ ಹಸ್ತಿನಾವತಿಗೆ ಹೋಗಿ ಹೇಳುವವರು ಯಾರೂ ಇರಲಿಲ್ಲ. ಬಿಡು ಎಂದು ಹೇಳುತ್ತಿದ್ದವನು ದೇವರಾಜನೇ. ಶಾಪ ಅವನ ಕಡೆಗಿರಲಿಲ್ಲ, ಸ್ವರ್ಗವೂ ಅವನ ಕಡೆಗಿರಲಿಲ್ಲ. ಇದ್ದದ್ದು ಹಿಂದೆ ಬರುತ್ತಿದ್ದ ಮಾತು ಬಾರದ ಒಂದು ಪ್ರಾಣಿ, ಅದರ ನಂಬಿಕೆ. ಸತ್ತ ನಾಯಿಗೆ ನಮ್ಮ ಋಣ ಇದೆಯೋ ಇಲ್ಲವೋ, ಧರ್ಮರಾಯನೇ ಗೆದ್ದುಕೊಳ್ಳಲಿ. ಆದರೆ ಆ ನಾಯಿಯ ಹೆಸರಿನಲ್ಲಿ ಬದುಕಿರುವವರು ಒಪ್ಪಿಸಿದ ನಂಬಿಕೆ ಸತ್ತಿಲ್ಲ. ಅದು ಚಿತಾಗಾರದವನ ಹಿಂದೆ ಸದ್ದಿಲ್ಲದೆ ನಡೆದು ಬರುತ್ತಿರುತ್ತದೆ. ಅದನ್ನು ದಾರಿಯಲ್ಲಿ ಬಿಡಬಹುದೇ ಎಂಬುದು ಪ್ರಶ್ನೆ.

ಊರಾಚೆಯ ಆ ಶೆಡ್ಡಿನಲ್ಲಿ ಈ ರಾತ್ರಿ ಎರಡು ದೇಹಗಳಿವೆ ಎಂದುಕೊಳ್ಳಿ. ಒಂದು ದೊಡ್ಡ ನಾಯಿ, ಒಂದು ಬೆಕ್ಕು. ಗ್ಯಾಸಿನ ಬೆಲೆ ಏರಿದೆ. ಕುಲುಮೆಯಲ್ಲಿ ಜಾಗವಿದೆ, ಎರಡನ್ನೂ ಒಟ್ಟಿಗೆ ಇಟ್ಟರೆ ಒಂದೇ ಸಲಕ್ಕೆ ಮುಗಿಯುತ್ತದೆ. ಬೂದಿಯನ್ನು ತೂಕದ ಮೇಲೆ ಪಾಲು ಮಾಡಿದರೆ ಕುಡಿಕೆಗಳು ಸರಿಯಾಗಿಯೇ ತುಂಬುತ್ತವೆ. ಅಪ್ಪ ಮಲಗಿದ್ದಾನೆ, ಅಮ್ಮ ಲೆಕ್ಕ ಬರೆಯುತ್ತಿದ್ದಾಳೆ, ಮಗನಿಗೆ ನಿದ್ದೆ ಎಳೆಯುತ್ತಿದೆ. ಅವನು ನಾಯಿಯನ್ನು ಒಳಗಿಟ್ಟು, ಬಿಲ್ಲೆ ಹಾಕಿ, ಬಾಗಿಲು ಮುಚ್ಚುತ್ತಾನೆ. ಬೆಕ್ಕನ್ನು ಪಕ್ಕದ ಮೇಜಿನ ಮೇಲೆ ಬಟ್ಟೆ ಮುಚ್ಚಿ ಮಲಗಿಸಿ, ಕುರ್ಚಿ ಎಳೆದುಕೊಂಡು, ಮೊದಲನೆಯದು ತಣಿಯಲೆಂದು ಕಾಯುತ್ತಾ ಕೂರುತ್ತಾನೆ.